ಪ್ರೊಸೆಸರ್‌ಗೆ ಗ್ರೀಸು ಹೊಡೆದದ್ದು

ನಮ್ಮ ಮನೆಯ ಕಂಪ್ಯೂಟರಿಗೆ ಜ್ವರ ಬಂದು ಎಂಟು ದಿನವಾಗಿತ್ತು. ಚಾಲೂ ಮಾಡಿದರೆ ಏಳು ನಿಮಿಷ ನಡೆಯುತ್ತಿತ್ತು. ಎಂಟನೆಯ ನಿಮಿಷಕ್ಕೆ ಭುಸ್ಸೆಂದು ಉಸಿರು ಬಿಟ್ಟು ಕಣ್ಣು ಮುಚ್ಚುತ್ತಿತ್ತು. ಅದನ್ನು ನಾನು ಸಹಿಸಬಲ್ಲೆ. ಆದರೆ ಮನೆಯಲ್ಲಿ ನನ್ನಂಥ ಒಬ್ಬ ಜಾಬರ್ ಕೂತಿರುವಾಗ ಹೆಂಡತಿ ಬೇರೊಬ್ಬ ರಿಪೇರಿಯವನಿಗೆ ಫೋನ್ ಮಾಡುವುದನ್ನು ಹೇಗೆ ಸಹಿಸಲಿ?

ಜಾಬರ್ ಎಂದರೆ ಯಾರೆಂದು ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಕಬನೂರಿನಲ್ಲಿ ಯಾರಿಗೂ ಹೇಳಬೇಕಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಪವರ್‌ಲೂಮ್ ಕಾರಖಾನೆಯಲ್ಲಿ ಮಗ್ಗ ಕೆಟ್ಟು ನಿಂತಾಗ ಮಾಲಕನೂ ಕೈಮುಗಿಯುವ ಮನುಷ್ಯ. ಇಪ್ಪತ್ತೆಂಟು ವರ್ಷಗಳಿಂದ ನಲವತ್ತೆಂಟು ಮಗ್ಗಗಳ ಧನ್ವಂತರಿಯಾಗಿರುವ ಈ ಕಾಡಪ್ಪ, ಸದ್ದು ಕೇಳಿಯೇ ಮಗ್ಗದ ರೋಗ ಹೇಳುತ್ತಾನೆ. (ಹೆಂಡತಿಯ ಸದ್ದು ಕೇಳಿ ಹೇಳುವ ವಿದ್ಯೆ ಇನ್ನೂ ಸಿದ್ಧಿಸಿಲ್ಲ.)

ಹೆಂಡತಿ ವೃಷಾಲಿ ಕಂಪ್ಯೂಟರಿನಲ್ಲಿ ಸೀರೆಯ ಅಂಚಿನ ಡಿಸೈನು ತೆಗೆಯುವುದನ್ನು ಕಲಿತಿದ್ದಾಳೆ. ಒಂದು ತಿಂಗಳು ಕೂತು ಒಂದು ಅಂಚು ತೆಗೆದಿದ್ದಳು. ಕೊನೆಯ ಎಂಟು ದಿನವಂತೂ ಏಳೇಳು ನಿಮಿಷದ ಕಂತಿನಲ್ಲಿ. ಅದನ್ನು ನೋಡಲು ಗಡಹಿಂಗ್ಲಜದ ಸೀರೆ ವ್ಯಾಪಾರಿ ಬಸಗೊಂಡ ಅವತ್ತು ಸಂಜೆ ನಾಲ್ಕಕ್ಕೆ ಬರುವವನಿದ್ದ. ಒಪ್ಪಿದರೆ ಅವಳ ಮೊದಲ ಆರ್ಡರು.

ಫೋನಿನಲ್ಲಿ ರಿಪೇರಿಯವನು, "ಪ್ರೊಸೆಸರ್ ಮ್ಯಾಲಿನ ಕಾವು ಎಳಿಯೂ ಪೇಸ್ಟ್ ಒಣಗಿರಬೇಕ್ರಿ. ನಾಳೆ ಬಂದು ಹಚ್ಚತೇನಿ" ಅಂದ.

"ನಾಳೆ ಬಂದು ನನ್ನ ಹಣಿಗೆ ಹಚ್ಚು," ಎಂದು ವೃಷಾಲಿ ಫೋನ್ ಇಟ್ಟಳು.

"ಪೇಸ್ಟ್ ಹಚ್ಚೂದು, ಅಷ್ಟ ಹೌದಿಲ್ಲೋ? ನಾ ಹಚ್ಚತೇನಿ" ಎಂದೆ.

"ನೀವು ಬ್ಯಾಡ್ರಿ. ಹ್ವಾದ ವರ್ಷ ಫ್ಯಾನ್ ರಿಪೇರಿ ಮಾಡಿದ್ರಿ. ಈಗ ಅದು ಗಾಳಿ ಮ್ಯಾಲಕ್ಕ ಒಗಿತೈತಿ."

"ತಿರಗತೈತೋ ಇಲ್ಲೋ?"

"ಹಲ್ಲಿಗೋಳಿಗೆ ಭಾಳ ಆರಾಮಾಗೇತಿ."

ಇಂಥ ಮಾತಿಗೆ ಉತ್ತರ ಕೊಡುವುದು ಜಾಬರನ ಘನತೆಗೆ ತಕ್ಕುದಲ್ಲ. ಸ್ಕೂಟರ್ ಹತ್ತಿ ಇಚಲಕರಂಜಿಗೆ ಹೋದೆ. ಕಂಪ್ಯೂಟರ್ ಅಂಗಡಿಯವನು ಇಂಜೆಕ್ಷನ್ನಿನಂಥದೊಂದು ಬೂದುಬಣ್ಣದ ನಳಿಕೆ ಕೊಟ್ಟು, "ಎಷ್ಟು ಹಚ್ಚಬೇಕು ಗೊತ್ತೈತೇನ್ರಿ ಮಾಮಾ?" ಎಂದ. ನಾನು ಬರೀ ನಕ್ಕೆ. ಮೀನಿಗೆ ಈಜು ಕಲಿಸುವವರನ್ನು ಕಂಡರೆ ಮೀನೂ ಹಾಗೇ ನಗುತ್ತದೆ.

ಎರಡೂವರೆಗೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ವೃಷಾಲಿ ಅಡುಗೆಮನೆಗೂ ಪಡಸಾಲೆಗೂ ಲಾಳಿಯಂತೆ ಓಡಾಡುತ್ತಿದ್ದಳು. ಪ್ರತಿ ಸುತ್ತಿಗೊಮ್ಮೆ ಗಡಿಯಾರ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದಳು. ಸ್ಕ್ರೂ ಬಿಚ್ಚಿದೆ. ಫ್ಯಾನೂ ಅದರ ಕೆಳಗಿನ ಲೋಹದ ಗಟ್ಟಿಯೂ ಎದ್ದು ಬಂದವು. ಕೆಳಗೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಪ್ರೊಸೆಸರು. ಅದರ ಮೇಲೆ ಒಣಗಿದ ರೊಟ್ಟಿಹಿಟ್ಟಿನಂತೆ ಹಳೆಯ ಪೇಸ್ಟು.

ನಮ್ಮ ಮಗ್ಗಶಾಸ್ತ್ರದಲ್ಲಿ ಒಂದು ಸೂತ್ರವಿದೆ: ಈ ಕಡೆಯಿಂದ ಕೊಟ್ಟ ಗ್ರೀಸು ಆ ಕಡೆಯಿಂದ ಹೊರಗೆ ಇಣುಕುವ ತನಕ ಕೈ ಬಿಡಬಾರದು. ಹಳೆಯದನ್ನು ಹೊಸದೇ ತಳ್ಳಿ ಹಾಕುತ್ತದೆ. ನಳಿಕೆ ಒತ್ತಿದೆ. ಒತ್ತುತ್ತಲೇ ಇದ್ದೆ. ಗಟ್ಟಿಯನ್ನು ಮೇಲಿಟ್ಟು ಬಿಗಿದಾಗ ಒತ್ತಿದ ಹೋಳಿಗೆಯಿಂದ ಹೂರಣ ಬಂದಂತೆ ನಾಲ್ಕೂ ಕಡೆ ಪೇಸ್ಟು ಹೊರಬಂತು.

"ನೋಡಿಲ್ಲಿ! ಹೊರಗ ಬಂತು. ಮೂಲಿಮೂಲಿಗೂ ಮುಟ್ಟೇತಿ ಅಂತ ಅರ್ಥ."

ಚಾಲೂ ಮಾಡಿದೆ. ಮೊದಲು ಏಳು ನಿಮಿಷ ಬದುಕುತ್ತಿದ್ದ ಜೀವ ಈಗ ಒಂದೂವರೆ ನಿಮಿಷಕ್ಕೇ ಶವಾಸನ ಹಾಕಿತು.

ಮೂರು ಗಂಟೆ. ವೃಷಾಲಿ ಒದರಲಿಲ್ಲ. (ಒದರಿದ್ದರೆ ಧೈರ್ಯ ಬರುತ್ತಿತ್ತು.) ಮೊಬೈಲಿನಲ್ಲಿ ಒಂದು ಮರಾಠಿ ವಿಡಿಯೋ ಹಚ್ಚಿ ಉಪ್ಪಿನ ಡಬ್ಬಿಗೆ ಆನಿಸಿಟ್ಟಳು. ಹತ್ತಿ, ಸ್ಪಿರಿಟ್ಟು ತಂದು, ನಾನು ಕೊಟ್ಟದ್ದನ್ನೂ ಅದರಡಿಯ ಹಳೆಯದನ್ನೂ ಕೂಸಿನ ಮೂಗು ಒರೆಸಿದಂತೆ ಒರೆಸಿ ತೆಗೆದಳು. ನಳಿಕೆಯ ತುದಿಯಲ್ಲಿ ಉಳಿದಿದ್ದನ್ನು ಒತ್ತಿ ನಡುಮಧ್ಯೆ ಒಂದು ಹನಿ ಇಟ್ಟಳು.

"ತೊಗರಿಕಾಳಷ್ಟು ರೀ. ಇಷ್ಟ ಬೇಕಾಗಿತ್ತು."

ಕಂಪ್ಯೂಟರು ಎದ್ದಿತು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ದಣಿವೇ ಇಲ್ಲ.

ಬಸಗೊಂಡ ಬಂದ, ಅಂಚು ನೋಡಿದ. "ಭಾಳ ಛಲೋ ಬಂದೇತಿ ವೈನಿ. ಆದ್ರ ನಮ್ಮಲ್ಲಿ ಅಂಚು ಆರಸಾಕಿ ಅವ್ವ. ಮೊಬೈಲ್‌ನ್ಯಾಗ ಅಕಿಗೆ ಕಾಣೂದಿಲ್ಲ, ಅಂಗಡಿ ಕಂಪ್ಯೂಟರ್‌ನ್ಯಾಗ ದೊಡ್ಡದ್ ಮಾಡಿ ತೋರಸ್ತೇನಿ" ಎಂದು ಪೆನ್‌ಡ್ರೈವಿನಲ್ಲಿ ತುಂಬಿಕೊಂಡ. "ನಿಮ್ಮದು ಎಷ್ಟ್ ತಣ್ಣಗ ನಡೀತೈತಿ! ನಮ್ಮದು ಒಲಿ ಆಗೇತಿ ನೋಡ್ರಿ."

"ನಮ್ಮ ಮನಿಯವ್ರು ಮಾಡ್ಯಾರ್ರಿ," ಎಂದು ವೃಷಾಲಿ ನನ್ನ ಮಾನ ಕಾಯ್ದು, ಚಹಾ ತರಲು ಒಳಗೆ ಹೋದಳು.

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಆದರೆ ಬಸಗೊಂಡ ಕೈಕಟ್ಟಿಕೊಂಡು, "ಹೆಂಗ್ ಮಾಡಿದ್ರಿ ಜಾಬರ್ ಸಾಹೇಬ್ರ?" ಎಂದು ಕೇಳಿಬಿಟ್ಟ. ನನ್ನ ಮನೆಯಲ್ಲಿ ನನ್ನನ್ನು ಯಾರಾದರೂ ಹೀಗೆ ಕೇಳಿ ಎಷ್ಟು ವರ್ಷವಾಗಿತ್ತೋ! ನಾಲಿಗೆ ತಾನಾಗಿಯೇ ಹೊರಳಿತು: "ಜಿಪುಣತನ ಮಾಡಬಾರದ್ರಿ. ಇಡೀ ನಳಿಕಿ ಹೊಡೀಬೇಕು. ಹೊರಗ ಬರೂತನಕ."

ಮರುದಿನ ಬೆಳಿಗ್ಗೆ ವೃಷಾಲಿಗೆ ಫೋನು. ಬಸಗೊಂಡನ ದನಿ ನನಗೂ ಕೇಳುತ್ತಿತ್ತು. "ವೈನಿ, ಸಾಹೇಬ್ರು ಹೇಳಿದಂಗ ಇಡೀ ನಳಿಕಿ ಹೊಡದ್ನಿ. ಪೇಸ್ಟ್ ಹೊರಗ ಬಂತು, ಕಂಪ್ಯೂಟರ್ ಒಳಗ ಹೋತು. ಅವ್ವ ಇನ್ನೂ ಅಂಚು ನೋಡಿಲ್ಲ. ಮಧ್ಯಾಹ್ನ ಕೊಲ್ಹಾಪುರದಾವ್ರು ಬ್ಯಾರೆ ಡಿಸೈನ್ ತರಾವ್ರದಾರ."

ಅವಳು ಫೋನ್ ಕೆಳಗಿಟ್ಟಳು. "ಏನ್ ಹೇಳಿದ್ರಿ ಅವ್ರಿಗೆ?"

"ತತ್ವ ಹೇಳಿದೆ."

"ಹೊರಡ್ರಿ."

"ನೀನೂ ಬಾ."

"ಜಾಬರ್ ನೀವಲ್ಲೇನ್ರಿ? ನಾ ಬಂದ್ರ ನಿಮ್ಮ ಮಾನ ಎಲ್ಲಿ ಉಳೀತೈತಿ?" ಹತ್ತಿ, ಸ್ಪಿರಿಟ್ಟು, ದಾರಿಯಲ್ಲಿ ಹೊಸ ನಳಿಕೆ ಕೊಳ್ಳುವ ಅಪ್ಪಣೆ, ಮೇಲೊಂದು ಮಡಚಿದ ಚೀಟಿ. "ಇದರಾಗ ಬರದಂಗ ಮಾಡ್ರಿ. ಸ್ವಂತ ಬುದ್ಧಿ ಹಚ್ಚಬ್ಯಾಡ್ರಿ. ನಂದು ಒಂದ ತಿಂಗಳದ ದುಡಿತ ಐತಿ."

ಆ ಕೊನೆಯ ಮಾತು ನನ್ನ ಜೊತೆಗೇ ಬಸ್ಸು ಹತ್ತಿತು. ಬಸ್ಸಿನಲ್ಲಿ ಸೀಟು ಸಿಕ್ಕರೂ ನನಗೆ ಕೂರಲಾಗಲಿಲ್ಲ. ಗಡಹಿಂಗ್ಲಜದ ತನಕ ಎದ್ದು ಕೂತು, ಕೂತು ಎದ್ದು, ಪಕ್ಕದವನಿಂದ "ಮಾಮಾ, ಬಸ್ ನೀವು ಎದ್ರೂ ಇಷ್ಟ ಓಡತೈತಿ" ಅನ್ನಿಸಿಕೊಂಡೆ.

ಅಂಗಡಿಯಲ್ಲಿ ಬಸಗೊಂಡ, ಕುರ್ಚಿಯಲ್ಲಿ ಅವನ ತಾಯಿ ಬಾಳಕ್ಕ, ಪಕ್ಕದಲ್ಲಿ ಬಸಗೊಂಡನ ಮಗಳು ರುತುಜಾ, ನಾಲ್ಕಾರು ಗಿರಾಕಿಗಳು. ಗಾಂಭೀರ್ಯದಿಂದ ಚೀಟಿ ಬಿಚ್ಚಿದೆ. ಮರಾಠಿ! ವೃಷಾಲಿ ಕಲಿತದ್ದು ಮರಾಠಿ ಶಾಲೆ. ನಾನು ಕಲಿತದ್ದು ಕನ್ನಡ ಶಾಲೆ, ಅದೂ ಐದನೆಯ ತನಕ. ಅವಳ ಅಕ್ಷರವೋ, ಸಿಕ್ಕುಬಿದ್ದ ನೂಲು. ಕೂಡಲೇ ಕೈಗೆ ಒಂದಿಷ್ಟು ಪೇಸ್ಟು ಬಳಿದುಕೊಂಡು ಹುಡುಗಿಯ ಮುಂದೆ ಚೀಟಿ ಚಾಚಿದೆ. "ಜೋರಾಗಿ ಓದವ್ವ, ನನ್ನ ಕೈ ಹೊಲಸಾಗೇತಿ."

ರುತುಜಾ ಜೋರಾಗಿ ಓದಿದಳು: "ಏಕ. ತೋಂಡ ಬಂದ ಠೇವಾ."

ಕಿವಿ ಮಂದವಾದ ಬಾಳಕ್ಕ, "ಏನಂತ?" ಅಂದಳು.

ಹುಡುಗಿ ಇನ್ನೂ ಜೋರಾಗಿ, ಈ ಸಲ ಕನ್ನಡದಲ್ಲಿ ಹೇಳಿದಳು: "ಮೊದಲ ಬಾಯಿ ಮುಚ್ಚಿಕೊಳ್ರಿ ಅಂತ ಐತಿ ಆಯಿ! ಎರಡನೇದು, ಎಷ್ಟು ಹಚ್ಚಬೇಕು ಅಂತ ಯಾರರ ಕೇಳಿದ್ರ, ನನಗ ಫೋನ್ ಮಾಡಾಕ ಹೇಳ್ರಿ ಅಂತ!"

ಗಿರಾಕಿಗಳು ಸೀರೆ ನೋಡುವುದನ್ನು ಬಿಟ್ಟು ನನ್ನನ್ನು ನೋಡಿದರು. ನಾನು ಬಾಯಿ ಮುಚ್ಚಿಕೊಂಡು, ನಿನ್ನೆ ವೃಷಾಲಿ ಮಾಡಿದಂತೆಯೇ ಒರೆಸಿದೆ, ತೊಗರಿಕಾಳಷ್ಟು ಇಟ್ಟೆ, ಬಿಗಿದೆ. ಕಂಪ್ಯೂಟರು ಎದ್ದಿತು. ಪರದೆಯ ತುಂಬ ವೃಷಾಲಿಯ ಅಂಚು ಹರಡಿಕೊಂಡಿತು. ಬಾಳಕ್ಕ ಕುರ್ಚಿ ಮುಂದಕ್ಕೆ ಎಳೆದುಕೊಂಡು ನೋಡಿದಳು.

"ಈ ಅಂಚೂ ಆ ಚೀಟಿನೂ ಒಬ್ಬಾಕಿನ ಬರದಾಳೇನು?"

ತಲೆಯಾಡಿಸಿದೆ.

"ಶ್ಯಾಣ್ಯಾಕಿ ಅದಾಳ. ಬಸಗೊಂಡ, ಕೊಲ್ಹಾಪುರದಾವ್ರಿಗೆ ಬರಬ್ಯಾಡಂತ ಹೇಳು. ಇದ ಇರ್ಲಿ."

ಬಸಗೊಂಡ ಖುಷಿಯಿಂದ ನನ್ನತ್ತ ತಿರುಗಿದ. "ಸಾಹೇಬ್ರ, ನಮ್ಮ ಮನ್ಯಾಗ ಫ್ರಿಜ್ಜೂ ಭಾಳ ಬಿಸಿ ಆಗತೈತಿ. ಅದಕ್ಕೇನ್ ಮಾಡಬೇಕ್ರಿ?"

ಇಪ್ಪತ್ತೆಂಟು ವರ್ಷಗಳ ಅನುಭವ ಗಂಟಲಿನ ತನಕ ಎದ್ದು ಬಂತು. ರುತುಜಾ ಚೀಟಿ ಎತ್ತಿ ಹಿಡಿದು, ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟಳು.