ಒಳಗಿನ ಚಿಲಕ

ಅಂಗನವಾಡಿ ಸಹಾಯಕಿ ಸಾವಂತ್ರೆವ್ವ ಮನೆ ಬಿಟ್ಟರೆ ಸಂಜೆಯವರೆಗೆ ಹನಿ ನೀರು ಕುಡಿಯುತ್ತಿರಲಿಲ್ಲ. ವ್ರತವೇನಲ್ಲ. ಪಂಚಾಯ್ತಿಯ ಹಿಂದಿದ್ದ ಹೆಂಗಸರ ಶೌಚಾಲಯದ ಚಿಲಕ ಮುರಿದು ಆರು ತಿಂಗಳಾಗಿತ್ತು. ಸಣ್ಣ ಗಾಳಿ ಬಂದರೂ ಅದರ ಬಾಗಿಲು ಬೀಗರನ್ನು ಕಂಡವರಂತೆ ಅಗಲವಾಗಿ ತೆರೆದುಕೊಳ್ಳುತ್ತಿತ್ತು. ‘ನೀರು ಕುಡಿಯದಿದ್ದರೆ ಮೂತ್ರಪಿಂಡ ಕೆಡುತ್ತದೆ’ ಎಂದು ಡಾಕ್ಟರು ಎರಡನೇ ಸಲ ಬೈದ ಮೇಲೆ, ಅವಳು ಧೈರ್ಯ ಮಾಡಿ ಪಂಚಾಯ್ತಿಯ ಮೆಟ್ಟಿಲು ಹತ್ತಿದಳು.

“ಸರ, ಒಂದ ಚಿಲಕ ಹಾಕಸ್ರಿ.”

ಪಿಡಿಒ ಹೇಮಂತ ಕಡತದಿಂದ ತಲೆ ಎತ್ತಿದ. “ರಿಪೇರಿಗೆ ಅನುದಾನ ಇಲ್ರಿ ಅಕ್ಕಾರ. ಹೊಸಾದು ಕಟ್ಟಾಕಾದ್ರ ಐತಿ.”

“ಹಂಗಾರ ಕೆಡವಿ ಹೊಸಾದು ಕಟ್ಟೂಣು!” ಎಂದ ಸದಸ್ಯ ಹುಲಿಗೆಪ್ಪ. “ಖರ್ಚ ಮಾಡಲಿಲ್ಲಂದ್ರ ರೊಕ್ಕ ವಾಪಸ್ ಹೋಗತೈತಿ.”

ಅಧ್ಯಕ್ಷ ಕುಬೇರಪ್ಪ ಮೇಜು ಗುದ್ದಿದ. “ಸರಕಾರದ ರೊಕ್ಕ ಏನ್ ನಿಮ್ಮಪ್ಪನ ಗಳಿಕಿ ಏನಲೇ? ಉಳಸಬೇಕು! ಹೊಸಾದೂ ಬ್ಯಾಡ, ಚಿಲಕಾನೂ ಬ್ಯಾಡ.”

“ಖರ್ಚರ ಮಾಡ್ರಿ, ಉಳಸರ ಉಳಸ್ರಿ. ನನಗ ಬಾಗಲಾ ಮುಚ್ಚಿದ್ರ ಸಾಕ್ರಿ.”

ಯಾರೂ ಕೇಳಿಸಿಕೊಳ್ಳಲಿಲ್ಲ. ತನ್ನ ಮೈಯ ಸಂಕಟವನ್ನು ಮೂವರು ಗಂಡಸರು ಬಜೆಟ್ಟಿನಂತೆ ಹರಡಿಕೊಂಡು ಕೂತದ್ದನ್ನು ನೋಡಿ ಅವಳಿಗೆ ನಾಚಿಕೆಗಿಂತ ದಣಿವೇ ಹೆಚ್ಚಾಯಿತು.

ನೇರ ಕಬ್ಬಿಣದ ಸಾಮಾನಿನಂಗಡಿಗೆ ಹೋಗಿ ಚಿಲಕ ಕೊಂಡಳು. ಅಂಗಡಿಯ ಅಲ್ಲಾವುದ್ದೀನ ಕಾಕಾ ಯಾವ ಬಾಗಿಲಿಗೆಂದು ಕೇಳಿ, ತಾನೇ ಬಂದು ನಾಲ್ಕು ತಿರುಪು ಬಿಗಿದ. “ಇಷ್ಟಕ್ಕ ಆರು ತಿಂಗಳ ಬೇಕಾತೇನವಾ?”

ಅವಳು ಒಳಗೆ ಕಾಲಿಡುವಷ್ಟರಲ್ಲಿ ಜೀಪು ಬಂತು. ತಾಲೂಕಿನ ಅಧಿಕಾರಿ ನಂದಾ ಮೇಡಂ ತಪಾಸಣೆಗೆ ಬಂದಿದ್ದರು. ಇಳಿದವರೇ ಶೌಚಾಲಯ ಎಲ್ಲೆಂದು ಕೇಳಿದರು. ಹೇಮಂತನ ಮುಖ ಸುಣ್ಣವಾಯಿತು.

ಮೇಡಂ ಒಳಹೊಕ್ಕರು. ಖಟ್ಟೆಂದು ಚಿಲಕ ಬಿತ್ತು. ಹೊರಬಂದಾಗ ಅವರ ಮುಖ ಅರಳಿತ್ತು.

“ಮುಂಜಾನಿಯಿಂದ ನಾಲ್ಕ ಊರು ಅಡ್ಡಾಡೀನಿ. ಒಳಗ ಚಿಲಕ ಇರೂದು ಇದೊಂದರಾಗ! ಎಷ್ಟ ಖರ್ಚಾತು?”

“ಬರೇ ಒಂದ ಚಿಲಕದ್ರಿ ಮೇಡಂ. ಉಳಿತಾಯ ಅಂದ್ರ ನಾವ,” ಎಂದ ಕುಬೇರಪ್ಪ.

“ಖರ್ಚ ಮಾಡ್ರಿ ಅಂದಾಂವ ನಾನ್ರಿ!” ಎಂದು ಹುಲಿಗೆಪ್ಪ ನಡುವೆ ತೂರಿದ.

“ಕೇಳಿದಾಕಿ ಈ ಅಕ್ಕಾರ,” ಎಂದ ಹೇಮಂತ ಮೆಲ್ಲಗೆ.

ಕುಬೇರಪ್ಪ ಮೇಡಂಗೆ ಶಾಲು ಹೊದಿಸಿದ. ಅವರು ಅದನ್ನೇ ತೆಗೆದು ಸಾವಂತ್ರೆವ್ವನ ಹೆಗಲಿಗೆ ಹಾಕಿದರು. “ಸರಕಾರದ ರೊಕ್ಕ ಹಿಂಗ ಬಳಸಬೇಕು. ಇದನ್ನ ಜೋಪಾನ ಮಾಡ್ರಿ. ಮುಂದಿನ ತಿಂಗಳ ಜಿಲ್ಲಾದವರಿಗೆ ತೋರಸಾಕ ಕರಕೊಂಡ ಬರತೀನಿ.”

ಚಪ್ಪಾಳೆ ಬಿದ್ದವು, ಮೇಡಂ ಕೊರಳಿಗೆ ಹಾರ ಬಿತ್ತು, ಫೋಟೋ ಆದವು. ಸಾವಂತ್ರೆವ್ವ ನಂಬಿಕೆಯಿಂದ ಪಂಚಾಯ್ತಿಯ ಕೊಡದಿಂದ ಎರಡು ತಂಬಿಗೆ ನೀರು ಗಟಗಟನೆ ಕುಡಿದಳು. ಜೀಪು ಹೋದ ಮೇಲೆ ಅವಸರದಿಂದ ಹಿಂದಕ್ಕೆ ನಡೆದಳು. ಬಾಗಿಲ ಹೊರಗೆ ತೆಂಗಿನಕಾಯಿಯಷ್ಟು ದಪ್ಪದ ಬೀಗ ಜೋತಾಡುತ್ತಿತ್ತು.

“ಅಧ್ಯಕ್ಷರ, ಇದೇನ್ರಿ?”

“ಜೋಪಾನ ಮಾಡ್ರಿ ಅಂದ್ರಲ್ಲ ಬೇ! ಮಂದಿ ಬಳಸಿ ಕೆಡಸಿದ್ರ ಜಿಲ್ಲಾದವರಿಗೆ ಏನ್ ತೋರಸೂದು?”

“ಕೀಲಿಕೈ ಕೊಡ್ರಿ, ಲಗೂನ.”

ಕುಬೇರಪ್ಪ ಹೆಮ್ಮೆಯಿಂದ, ಜೀಪು ಹೋದ ನವಲಗುಂದದ ರಸ್ತೆಯ ಧೂಳಿನ ಕಡೆ ಕೈಮಾಡಿದ.

“ಹಾರದ ಜೋಡಿ ಮೇಡಂ ಅವರಿಗೇ ಕೊಟ್ಟೇವಿ. ಮುಂದಿನ ತಿಂಗಳ ಅವರ ಕೈಲೇ ತಗಸೂಣು.”