ಮಾಮು ಹಿಡಿದುಕೊಟ್ಟ ಸಣ್ಣ ಸಿ

ಕಡೂರಿನ ಪೇಟೆಯಲ್ಲಿ ನಮ್ಮ ಮಾಮು ನಡೆದು ಬಂದರೆ ಅಂಗಡಿಯವರು ತಮ್ಮ ತಮ್ಮ ಬೋರ್ಡುಗಳಿಗೆ ಅಡ್ಡ ನಿಂತುಕೊಳ್ಳುತ್ತಾರೆ. ನಂಬುವುದಿಲ್ಲವೇ? ಬೇಕಾದರೆ ಬಂದು ನೋಡಿ. ಯಾವ ಅಧಿಕಾರಿ ಬಂದರೂ ಕಾಲ ಮೇಲಿನ ಕಾಲು ಇಳಿಸದ ಬೇಕರಿಯ ಯಜಮಾನರು ಕೂಡ ಮಾಮುವಿನ ತಲೆ ಕಂಡೊಡನೆ ಎದ್ದು ಬಂದು, ‘ಸಿಹಿ ಥಿಂಡಿ’ ಎಂದು ಬರೆಸಿಕೊಂಡ ಗಾಜಿನ ಮುಂದೆ ಎರಡೂ ಕೈ ಅಗಲಿಸಿ ನಿಲ್ಲುತ್ತಾರೆ. ಹೊಸಬರು ನೋಡಿದರೆ ಅವರು ವ್ಯಾಯಾಮ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು!

ಮಾಮು ನನಗೆ ಸೋದರಮಾವನಲ್ಲ. ಇಡೀ ಊರಿಗೇ ಮಾಮು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅವರನ್ನು ಮಾಮು ಎಂದೇ ಕರೆಯುತ್ತಾರೆ. ಒಂದು ಚಿಕ್ಕ ಮುದ್ರಣಾಲಯದಲ್ಲಿ ಜೀವಮಾನವೆಲ್ಲ ಅಚ್ಚಿನ ಮೊಳೆ ಜೋಡಿಸಿದವರು, ಕರಡು ತಿದ್ದಿದವರು. ಮದುವೆಯ ಕರೆಯೋಲೆ, ಸಂತಾಪದ ಪತ್ರ, ನಾಟಕದ ಕರಪತ್ರ, ಎಲ್ಲವೂ ಅವರ ಕೈಯಿಂದ ಹಾದೇ ಊರಿಗೆ ಬರುತ್ತಿದ್ದವು. ಆಮೇಲೆ ಫ್ಲೆಕ್ಸ್ ಬಂತು. ಮುದ್ರಣಾಲಯ ಮುಚ್ಚಿತು. ಕನ್ನಡದ ಅಕ್ಷರಗಳು ಕೇಳುವವರಿಲ್ಲದೆ ಕೆಟ್ಟುಹೋದವು. ಇದು ಮಾಮು ಹೇಳುವ ಇತಿಹಾಸ.

ಒಮ್ಮೆ ಅಜ್ಜಂಪುರದಲ್ಲಿ ಪರಿಚಯದವರೊಬ್ಬರು ತೀರಿಕೊಂಡರು. ಮಾಮು ಹೋದರು. ಮನೆಯ ಮುಂದೆ ದೊಡ್ಡ ಫ್ಲೆಕ್ಸ್, ಅದರ ಮೇಲೆ ‘ಬಾವಪೂರ್ಣ ಶ್ರದ್ದಾಂಜಲಿ’. ಮಾಮು ಹೂವು ಹಾಕುವುದನ್ನು ಬಿಟ್ಟು ಜೇಬಿನಿಂದ ದಪ್ಪ ಪೆನ್ನು ತೆಗೆದು, ಕುರ್ಚಿಯೊಂದನ್ನು ಎಳೆದುಕೊಂಡು, ಅದರ ಮೇಲೆ ಹತ್ತಿ ತಿದ್ದತೊಡಗಿದರು. ಸತ್ತವರ ಮಗ ಓಡಿಬಂದು, ಇದೇನು ಮಾಮು, ಸಾವಿನ ಮನೆಯಲ್ಲಿ ಇದೆಲ್ಲ ಎಂದು ಕೈ ಹಿಡಿದುಕೊಂಡ. ಮಾಮು ಸಮಾಧಾನವಾಗಿ, “ಇದು ಭಾವಪೂರ್ಣ ಅಲ್ಲ ಕಣಪ್ಪಾ, ಬಾವಪೂರ್ಣ. ಅಂದ್ರೆ ಮನೆ ತುಂಬ ಬಾವಂದಿರೇ ಇದಾರೆ ಅಂತ ಅರ್ಥ ಆಗುತ್ತೆ” ಎಂದರು. ಆ ಹುಡುಗ ಹಿಂದಿರುಗಿ ನೋಡಿದ. ಆಸ್ತಿ ಭಾಗದ ಮಾತೆತ್ತಲು ಮುಂಜಾನೆಯೇ ಬಂದಿದ್ದ ಅವನ ಮೂವರು ಬಾವಂದಿರು ಮೊದಲ ಸಾಲಿನಲ್ಲೇ ಕೂತಿದ್ದರು. “ಹಾಗೇ ಬಿಡಿ ಮಾಮು, ಸರಿಯಾಗೇ ಇದೆ” ಎಂದನಂತೆ.

ಇನ್ನೊಮ್ಮೆ ಅವರಿಗೆ ತರೀಕೆರೆಗೆ ಹೋಗಬೇಕಿತ್ತು. ಕಡೂರು ಬಸ್ ನಿಲ್ದಾಣದಲ್ಲಿ ಒಂದು ಖಾಸಗಿ ಬಸ್ಸು ಹೊರಟು ನಿಂತಿತ್ತು. ಮುಂದಿನ ಬೋರ್ಡಿನಲ್ಲಿ ‘ತರಿಕೆರೆ’ ಎಂದಿತ್ತು, ರಿಗೆ ದೀರ್ಘವಿಲ್ಲ. ಮಾಮು ಹತ್ತಲಿಲ್ಲ. ಅಂಥದೊಂದು ಊರೇ ಇಲ್ಲದಿರುವಾಗ ಬಸ್ಸು ಎಲ್ಲಿಗೆ ಹೋಗುತ್ತದೆ ಎಂಬುದು ಅವರ ವಾದ. ಕಂಡಕ್ಟರು ಮೊದಲು ನಕ್ಕ, ಆಮೇಲೆ ಬೇಡಿಕೊಂಡ, ಕೊನೆಗೆ ಬಿಟ್ಟುಹೋದ. ಮೂರು ಬಸ್ಸು ಬಿಟ್ಟು ನಾಲ್ಕನೆಯದರಲ್ಲಿ ಮಾಮು ಹೋದರು. ಅದರಲ್ಲಿ ದೀರ್ಘವಿತ್ತೇ ಎಂದು ಕೇಳಿದೆ. ಇರಲಿಲ್ಲವಂತೆ, ಆ ಬಸ್ಸಿಗೆ ಬೋರ್ಡೇ ಇರಲಿಲ್ಲವಂತೆ. “ಬೋರ್ಡಿಲ್ದಿದ್ರೆ ತಪ್ಪೂ ಇಲ್ವಲ್ಲಮ್ಮ” ಎಂದರು.

ಮನೆಯಲ್ಲಿ ದಖನಿ ಉರ್ದು ಮಾತಾಡುವ ಮಾಮುವಿಗೆ ಕನ್ನಡದ ಮಹಾಪ್ರಾಣಗಳ ಮೇಲೆ ಇಷ್ಟೊಂದು ಪ್ರಾಣ ಯಾಕೆ ಎಂದು ನಾನೊಮ್ಮೆ ಕೇಳಿದ್ದುಂಟು. “ಮನೆ ಮಾತಿಗೆ ನಾನು ಮಗ. ಕನ್ನಡಕ್ಕೆ ಕೆಲಸದವನು. ಮಗ ತಪ್ಪು ಮಾಡಿದ್ರೆ ನಡಿಯುತ್ತೆ ಕಣಮ್ಮ, ಕೆಲಸದವನು ಮಾಡಂಗಿಲ್ಲ” ಎಂದುಬಿಟ್ಟರು.

ಇಂಥವರು ನನಗೆ ಗಂಟುಬಿದ್ದದ್ದು ಹೇಗೆ? ನಾನು ಕಡೂರಿನಲ್ಲಿ ವೆಬ್‌ಸೈಟು ಮಾಡಿಕೊಡುವ ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ. ನಾನು, ದೇವನೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ರೇಖಾ, ಎರಡು ಕಂಪ್ಯೂಟರು, ಇಷ್ಟೇ. ಬಾಡಿಗೆಗೆ ಸಿಕ್ಕಿದ್ದು ಆ ಮುಚ್ಚಿದ ಮುದ್ರಣಾಲಯದ ಕೋಣೆಯೇ. ಆಫೀಸು ತೆರೆದ ಮೊದಲ ದಿನ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಬಿಳಿ ಟೋಪಿ ಹಾಕಿಕೊಂಡ ಹಿರಿಯರೊಬ್ಬರು ಒಳಗೆ ಬಂದರು, ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಯಾರು ಬೇಕಿತ್ತು ಎಂದು ಕೇಳಿದೆ. ಯಾರೂ ಬೇಡ, ನಾನು ಇಲ್ಲೇ ಕೆಲಸ ಮಾಡೋದು ಎಂದರು. ಸಂಜೆ ಆರಕ್ಕೆ ಎದ್ದು ಹೋದರು. ಮರುದಿನ ಒಂಬತ್ತಕ್ಕೆ ಮತ್ತೆ ಬಂದರು. ಎಂಟು ವರ್ಷವಾಯಿತು, ಒಂದು ದಿನ ತಡವಾಗಿ ಬಂದಿಲ್ಲ. ನಾನು ಮಾತ್ರ ವಾರಕ್ಕೆ ನಾಲ್ಕು ದಿನ ತಡ. ಆಗೆಲ್ಲ ಅವರು ಗೋಡೆಯ ಗಡಿಯಾರ ನೋಡುವ ರೀತಿಗೆ ಈ ಆಫೀಸಿನ ಯಜಮಾನರು ಯಾರೆಂದು ನನಗೇ ಅನುಮಾನ ಬರುತ್ತದೆ!

ಈಗ ವಿಷಯಕ್ಕೆ ಬರುತ್ತೇನೆ.

ಅಜ್ಜಂಪುರದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಜನರನ್ನು ಕಟ್ಟಿಕೊಂಡು ವರ್ಷಕ್ಕೊಮ್ಮೆ ಕಣ್ಣಿನ ಪೊರೆ ತೆಗೆಸುವ ಉಚಿತ ಶಿಬಿರ ಮಾಡುತ್ತಾರೆ. ಸುತ್ತಿನ ಹಳ್ಳಿಗಳ ವಯಸ್ಸಾದವರ ಹೆಸರು, ಯಾವ ಕಣ್ಣು, ಯಾವ ಹೊತ್ತು, ಯಾವ ವ್ಯಾನು ಅವರನ್ನು ಎಲ್ಲಿಂದ ಹತ್ತಿಸಿಕೊಳ್ಳಬೇಕು, ಎಲ್ಲವನ್ನೂ ಬರೆದಿಡಲು ನಾನೇ ಅವರಿಗೊಂದು ವೆಬ್‌ಸೈಟು ಮಾಡಿಕೊಟ್ಟಿದ್ದೆ. ಈ ಸಲ ಶಸ್ತ್ರಚಿಕಿತ್ಸೆ ತರೀಕೆರೆಯಲ್ಲಿ. ಶಿಬಿರದ ಹಿಂದಿನ ದಿನ ಬೆಳಗ್ಗೆ ನನಗೆ ಬುದ್ಧಿ ಬಂತು, ಅಂದರೆ ಕೆಟ್ಟಿತು. ಹಳೆಯ ಸರ್ವರ್ ನಿಧಾನವಾಗಿದೆ, ಹೊಸದಕ್ಕೆ ಸಾಗಿಸೋಣ, ಹತ್ತು ನಿಮಿಷದ ಕೆಲಸ ಎಂದು ರೇಖಾಳಿಗೆ ಹೇಳಿ ಸಾಗಿಸಿಯೇಬಿಟ್ಟೆ.

ಹನ್ನೊಂದು ಗಂಟೆಗೆ ಮೇಷ್ಟ್ರ ಫೋನು. ಪಟ್ಟಿ ಒತ್ತಿದರೆ ಬರೀ ಬಿಳಿ ಪುಟ, ಅದರ ಮೇಲೆ ಒಂದು ಸಾಲು ಇಂಗ್ಲಿಷು ಬರುತ್ತಿದೆ ಎಂದರು. ನೋಡಿದೆ. ‘ಐಕ್ಯಾಂಪ್’ ಎಂಬ ಕ್ಲಾಸ್ ಸಿಗುತ್ತಿಲ್ಲ ಎಂದು ಪಿಎಚ್‌ಪಿ, ಅಂದರೆ ನಾನು ಆ ವೆಬ್‌ಸೈಟು ಬರೆದ ಕಂಪ್ಯೂಟರ್ ಭಾಷೆ, ಹೇಳುತ್ತಿತ್ತು.

ಕ್ಲಾಸ್ ಎಂದರೆ ಶಾಲೆಯ ಕ್ಲಾಸಲ್ಲ. ಒಂದು ಕೆಲಸಕ್ಕೆ ಬೇಕಾದ ಸೂಚನೆಗಳನ್ನೆಲ್ಲ ಒಟ್ಟಿಗೆ ಬರೆದಿಟ್ಟ ಒಂದು ಕಟ್ಟು ಎಂದುಕೊಳ್ಳಿ. ಪ್ರತಿ ಕಟ್ಟಿಗೆ ಒಂದು ಹೆಸರು, ಅದೇ ಹೆಸರಿನ ಒಂದು ಫೈಲು. ಬೇಕೆಂದಾಗ ಹೆಸರು ಹಿಡಿದು ಫೈಲನ್ನು ತಾನೇ ಹುಡುಕಿ ತರುವ ಏರ್ಪಾಡಿಗೆ ಆಟೋಲೋಡ್ ಎನ್ನುತ್ತಾರೆ. ತಾನೇ ತರುತ್ತದೆ ಎಂಬ ನಂಬಿಕೆಯಿಂದಲೇ ನಮ್ಮಂಥವರು ಸುಖವಾಗಿ ಕಾಫಿ ಕುಡಿದುಕೊಂಡಿರುವುದು. ಅದು ತರುವುದಿಲ್ಲ ಎಂದರೆ?

ಯಾವ ಹೆಸರಿಗೆ ಯಾವ ಫೈಲು ಎಂಬ ಅದರ ಹುಡುಕಾಟದ ಪಟ್ಟಿಯನ್ನು ಹೊಸದಾಗಿ ಮಾಡಿಸಿದೆ. ಮೂರು ಸಲ ಮಾಡಿಸಿದೆ. ಹೊರಗಿನಿಂದ ತಂದ ಫೈಲುಗಳನ್ನೆಲ್ಲ ಅಳಿಸಿ ಮತ್ತೆ ತರಿಸಿದೆ. ಸರ್ವರನ್ನು ಆರಿಸಿ ಹಚ್ಚಿದೆ. ರೇಖಾ ಅದೇ ಕೆಲಸವನ್ನು ಮಾಡಿ, ಅದೇ ಬಿಳಿ ಪುಟವನ್ನು ನನಗೆ ತೋರಿಸಿದಳು. ಹಳೆಯ ಸರ್ವರಿಗೆ ಹಿಂದಿರುಗೋಣ ಎಂದರೆ ಆ ಪುಣ್ಯಾತ್ಗಿತ್ತಿ, ಅಂದರೆ ನಾನೇ, ಅದನ್ನು ಬೆಳಗ್ಗೆಯೇ ಖಾಲಿ ಮಾಡಿದ್ದೆ! ಹೊತ್ತು ಮೂರಾಯಿತು. ಅಚ್ಚು ಹಾಕಿದ ಪಟ್ಟಿ ಐದೂವರೆಯ ಬಸ್ಸಿನಲ್ಲಿ ಅಜ್ಜಂಪುರಕ್ಕೆ ಹೋಗಬೇಕು, ಬೆಳಗ್ಗೆ ಆರಕ್ಕೆ ವ್ಯಾನುಗಳು ಹೊರಡಬೇಕು. ಪಟ್ಟಿ ಇಲ್ಲದಿದ್ದರೆ ಯಾವ ಮನೆಯ ಮುಂದೆ ನಿಲ್ಲಿಸಬೇಕೆಂದು ಡ್ರೈವರುಗಳಿಗೆ ಗೊತ್ತಿಲ್ಲ. ಮೇಷ್ಟ್ರು ಬೈಯುತ್ತಿರಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಫೋನು ಮಾಡಿ, ಆಯ್ತಾ ತಾಯಿ ಎಂದು ಕೇಳುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಂತರಘಟ್ಟೆಯ ಒಬ್ಬ ಅಜ್ಜಿ ಆಗಲೇ ತಲೆಗೆ ಸ್ನಾನ ಮಾಡಿ ತಯಾರಾಗಿ ಕೂತಿದ್ದಾರಂತೆ, ಅದನ್ನೂ ಹೇಳಿದರು. ನನಗೆ ಅಳು ಬರುವುದೊಂದು ಬಾಕಿ.

ಅಷ್ಟು ಹೊತ್ತು ಸ್ಟೂಲಿನ ಮೇಲೆ ಸುಮ್ಮನಿದ್ದ ಮಾಮು, “ಓದ್ಸು” ಎಂದರು.

ಮುದ್ರಣಾಲಯದಲ್ಲಿ ಕರಡು ತಿದ್ದುವಾಗ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಬೆರಳಿಡುವುದು ಪದ್ಧತಿಯಂತೆ. ಇದು ಕಂಪ್ಯೂಟರಿನ ತಪ್ಪು, ಕಾಗುಣಿತದ್ದಲ್ಲ ಎಂದು ನಾನು ಸಿಡುಕಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಒಬ್ಬಳು ಕ್ಲಾಸಿನ ಹೆಸರು ಓದಬೇಕು, ಇನ್ನೊಬ್ಬಳು ಫೈಲಿನ ಹೆಸರು ಓದಬೇಕು ಎಂದು ಅಪ್ಪಣೆಯಾಯಿತು. ಬೇರೆ ದಾರಿಯೂ ಇರಲಿಲ್ಲ. ನಾನು ‘ಐಕ್ಯಾಂಪ್’ ಎಂದೆ. ರೇಖಾಳೂ ‘ಐಕ್ಯಾಂಪ್’ ಎಂದಳು. ಸರಿಯಾಗಿದೆಯಲ್ಲ ಎಂದು ನಾನು ಅವರ ಮುಖ ನೋಡಿದರೆ ಮಾಮು ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಹೋದರೇನೋ ಎಂದುಕೊಂಡೆ.

“ಪದ ಓದ್ಬೇಡಿ. ಅಕ್ಷರ ಓದಿ” ಎಂದರು, ಕಣ್ಣು ತೆರೆಯದೆ.

ನಾನು ಓದಿದೆ: ಕ್ಯಾಪಿಟಲ್ ಇ, ವೈ, ಇ, ಕ್ಯಾಪಿಟಲ್ ಸಿ, ಎ, ಎಂ, ಪಿ. ರೇಖಾ ಓದಿದಳು: ಕ್ಯಾಪಿಟಲ್ ಇ, ವೈ, ಇ, ಸಿ...

“ಯಾವ ಸಿ?”

ಸಿ ಅಂದರೆ ಸಿ ಎಂದಳು ರೇಖಾ.

“ಮೇಲಿನ ಪೆಟ್ಟಿಗೆದೋ, ಕೆಳಗಿಂದೋ?”

ನಮಗೆ ತಲೆಬುಡ ಅರ್ಥವಾಗಲಿಲ್ಲ. ಆಗ ಮಾಮು ವಿವರಿಸಿದರು. ಇಂಗ್ಲಿಷ್ ಮೊಳೆಗಳಿಗೆ ಮುದ್ರಣಾಲಯದಲ್ಲಿ ಎರಡು ಮರದ ಪೆಟ್ಟಿಗೆ. ದೊಡ್ಡಕ್ಷರಗಳು ಮೇಲಿನದರಲ್ಲಿ, ಸಣ್ಣವು ಕೆಳಗಿನದರಲ್ಲಿ. ಇಂಗ್ಲಿಷಿನವರು ದೊಡ್ಡಕ್ಷರಕ್ಕೆ ಅಪ್ಪರ್ ಕೇಸ್, ಸಣ್ಣದಕ್ಕೆ ಲೋಯರ್ ಕೇಸ್ ಎನ್ನುವುದು ಅದಕ್ಕೇ! ಇಂಜಿನಿಯರಿಂಗ್ ಓದಿ, ಇಷ್ಟು ವರ್ಷ ದಿನಕ್ಕೆ ನೂರು ಸಲ ಆ ಮಾತು ಬಳಸಿದ ನನಗೆ ಕೇಸ್ ಎಂದರೆ ಪೆಟ್ಟಿಗೆ ಎಂದು ಯಾರೂ ಹೇಳಿರಲಿಲ್ಲ.

ರೇಖಾ ಪರದೆಗೆ ಮೂಗು ತಾಗಿಸಿ ನೋಡಿ, ಕೆಳಗಿನದು ಎಂದಳು. ಕ್ಲಾಸಿನಲ್ಲಿ ದೊಡ್ಡ ಸಿ, ಫೈಲಿನಲ್ಲಿ ಸಣ್ಣ ಸಿ. ನಮ್ಮ ಆಫೀಸಿನ ಕಂಪ್ಯೂಟರಿಗೂ ಹಳೆಯ ಸರ್ವರಿಗೂ ದೊಡ್ಡದು ಸಣ್ಣದು ಎಲ್ಲ ಒಂದೇ, ಹೇಗೆ ಬರೆದರೂ ಹೊಂದಿಸಿಕೊಂಡು ಹೋಗುತ್ತಿದ್ದವು. ಹೊಸ ಸರ್ವರಿಗೆ ಆ ಸಡಿಲ ಇಲ್ಲ. ಒಂದಕ್ಷರ ಬೇರೆಯಾದರೆ ಅಂಥ ಫೈಲೇ ಇಲ್ಲ ಎನ್ನುತ್ತದೆ. ಫೈಲಿಗೆ ಆ ಹೆಸರಿಟ್ಟವರು ಯಾರು ಎಂದು ಮಾಮು ಕೇಳಿದರು. ರೇಖಾ ಕಿಟಕಿಯ ಹೊರಗೆ ನೋಡತೊಡಗಿದಳು. ನಾನೇ ಎಂದು ಒಪ್ಪಿಕೊಂಡೆ.

“ಹೊಸ ಸರ್ವರ್ ಒಳ್ಳೇದು, ಅದನ್ನೇ ಇಟ್ಕೊ” ಎಂದರು.

ಹೆಸರು ತಿದ್ದಿ ಸರ್ವರಿಗೆ ಕಳಿಸಿದೆ. ಮತ್ತೆ ಬಿಳಿ ಪುಟ! ಸಣ್ಣ ಸಿ ದೊಡ್ಡ ಸಿ ಆದದ್ದು ನಮ್ಮ ಕಂಪ್ಯೂಟರಿಗೆ ಬದಲಾವಣೆ ಎಂದೇ ಅನ್ನಿಸಿರಲಿಲ್ಲ, ಹಾಗಾಗಿ ಅದು ಏನನ್ನೂ ಕಳಿಸಿಯೇ ಇರಲಿಲ್ಲ. ಮಾಮುವಿಗೆ ಹೇಳಿದೆ. ತಪ್ಪು ಮೊಳೆಯ ಮೇಲೆ ಸರಿ ಮೊಳೆ ಕೂರುವುದಿಲ್ಲ, ಮೊದಲು ಅದನ್ನು ಕಿತ್ತು ಜಾಗ ಖಾಲಿ ಮಾಡು, ಆಮೇಲೆ ಹೊಸದು ಕೂರಿಸು ಎಂದರು. ಹಾಗೇ ಮಾಡಿದೆ. ಫೈಲನ್ನು ಪೂರ್ತಿ ತೆಗೆದು ಒಮ್ಮೆ ಕಳಿಸಿದೆ, ಸರಿಯಾದ ಹೆಸರಿಟ್ಟು ಇನ್ನೊಮ್ಮೆ ಕಳಿಸಿದೆ. ನಾಲ್ಕೂಕಾಲಿಗೆ ಪಟ್ಟಿ ತೆರೆಯಿತು. ರೇಖಾ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ನಾನು ಮೇಷ್ಟ್ರಿಗೆ ಫೋನು ಮಾಡಿ, ಆಯಿತು ಎಂದೆ.

ಪಟ್ಟಿ ಅಚ್ಚಾಗಿ ಬಂತು. ಕಳಿಸುವ ಮೊದಲು ಓದಬೇಕು ಎಂದು ಮಾಮು ಹಟ ಹಿಡಿದರು. ಇನ್ನೂ ಒಂದು ಗಂಟೆಯಿತ್ತು, ಸರಿ ಎಂದೆವು. ರೇಖಾ ಒಂದೊಂದೇ ಹೆಸರು ಓದುತ್ತ ಹೋದಳು. ಅಜ್ಜಂಪುರ ಮುಗಿಯಿತು, ದೇವನೂರು ಮುಗಿಯಿತು. ಕಡೂರಿನ ಮೂರನೆಯ ಹೆಸರಿಗೆ ಬಂದವಳು ನಿಂತುಬಿಟ್ಟಳು.

“ಯಾಕೆ ನಿಂತೆ? ಮುಂದೆ ಓದು” ಎಂದರು ಮಾಮು.

ನಾನು ಹಾಳೆ ತೆಗೆದುಕೊಂಡು ನೋಡಿದೆ. ಮಾಮುವಿನ ಹೆಸರು. ಎರಡೂ ಕಣ್ಣು, ಮೊದಲು ಬಲಗಣ್ಣು.

ಎರಡು ವರ್ಷದಿಂದ ಕಾಗದದ ಮೇಲಿನ ಅಕ್ಷರವೆಲ್ಲ ಹಬೆ ಹಿಡಿದ ಹಾಗೆ ಕಾಣುತ್ತಿತ್ತಂತೆ. ಪರದೆಯಂತೂ ಬರೀ ಬೆಳಕಂತೆ. ಪೇಟೆಯಲ್ಲಿ ತಿದ್ದುತ್ತಿದ್ದದ್ದೆಲ್ಲ ಹಿಂದೆ ನೋಡಿ ನೆನಪಿಟ್ಟುಕೊಂಡ ತಪ್ಪುಗಳನ್ನಂತೆ. ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಟೋಪಿ ತೆಗೆದು ಮಡಿಚಿ ಮತ್ತೆ ಹಾಕಿಕೊಂಡರು.

“ಕರಡು ತಿದ್ದೋನಿಗೆ ಕಣ್ಣು ಕಾಣಲ್ಲ ಅಂದ್ರೆ ಇಲ್ಲಿ ಕೂರಕ್ಕೆ ಬಿಡ್ತಿದ್ಯೇನಮ್ಮ?”

ಪಟ್ಟಿಯನ್ನು ಬಸ್ಸಿಗೆ ಕೊಟ್ಟು ಬಂದೆ. ಮರುದಿನ ಬೆಳಗ್ಗೆ ಆಫೀಸಿಗೆ ಬೀಗ ಹಾಕಿ ಅವರ ಜೊತೆ ತರೀಕೆರೆಗೆ ಹೋದೆ. ಅಂತರಘಟ್ಟೆಯ ಅಜ್ಜಿ ನಮಗಿಂತ ಮೊದಲೇ ಬಂದು ಕೂತಿದ್ದರು. ಮಾಮುವನ್ನು ಒಳಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ತುಟಿ ಅಲ್ಲಾಡಿಸುತ್ತ ಕೂತಿದ್ದರು, ನಾನು ಅವರ ಪಕ್ಕದಲ್ಲಿ ಕೂತೆ.

ಮರುದಿನ ಬೆಳಗ್ಗೆ ಡಾಕ್ಟರು ಬಲಗಣ್ಣಿನ ಪಟ್ಟಿ ಬಿಚ್ಚಿದರು. ಮಾಮು ಮೊದಲು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಹೆಂಡತಿಯನ್ನು ನೋಡಿದರು, ದಖನಿಯಲ್ಲಿ ಏನೋ ಅಂದರು, ಆಕೆ ಸೆರಗು ಮುಖಕ್ಕೆ ಹಿಡಿದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದರು. ನನ್ನಲ್ಲೂ ಏನೋ ತಪ್ಪು ಕಂಡಿರಬೇಕು, ಈಗ ಹೇಳುತ್ತಾರೆ ಎಂದು ಕಾದೆ.

“ತಲೆ ಯಾವಾಗಮ್ಮ ಇಷ್ಟೊಂದು ಬೆಳ್ಳಗಾಯ್ತು?”

ಎರಡು ವರ್ಷವಾಯಿತು ಮಾಮು ಎಂದೆ.

“ನಾನು ನೋಡ್ಲೇ ಇಲ್ವಲ್ಲ” ಎಂದರು. ನನ್ನನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟು, ಹಾಗೇ ಇಟ್ಟುಕೊಂಡು ಕೂತರು.