ಒಳಗಿದ್ದವರಿಗೆ ಮಾತ್ರ ತೆರೆದ ಬಾಗಿಲು

"ಇನ್ನು ಈ ಸೀಮೆಯಲ್ಲಿ ಒಂದು ಹೂವೂ ತಪ್ಪು ಪಟ್ಟಿಯಲ್ಲಿ ಕೂರಕೂಡದು! ಇವತ್ತು ಮಧ್ಯಾಹ್ನದೊಳಗೆ ಎಲ್ಲವನ್ನೂ ಅದರದರ ಜಾಗಕ್ಕೆ ಕಳಿಸ್ತೀನಿ!"

ಡಾ. ರುದ್ರಾಣಿಯವರು ಹೀಗೆ ಘೋಷಿಸಿದ್ದು ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ, ಕಡುಬಿನ ತಟ್ಟೆಯ ಮುಂದೆ. ಕೇಳಿಸಿಕೊಂಡವರು ಪತಿ ಚಂದ್ರಶೇಖರಪ್ಪನವರೊಬ್ಬರೇ. ಕಣದಲ್ಲಿ ಒಣಗಲು ಹರಡಿದ ಕಾಫಿಯ ಚಿಂತೆಯಲ್ಲಿದ್ದ ಅವರು, ಕಳಿಸುವವರ ಪಟ್ಟಿಯಲ್ಲಿ ತಾವೂ ಇರಬಹುದೇ ಎಂದು ಒಮ್ಮೆ ತಲೆಯೆತ್ತಿ ನೋಡಿದರು.

"ಯಾರನ್ನ ಎಲ್ಲಿಗೆ ಕಳಿಸ್ತೀಯ?"

"ಆಂಥೂರಿಯಂನ. ನಮ್ಮ ಮಂಡಳಿಯ ವೆಬ್‌ಸೈಟಲ್ಲಿ ಅದನ್ನ ಆರ್ಕಿಡ್ ವಿಭಾಗಕ್ಕೆ ಸೇರಿಸಿದ್ದಾರೆ ರೀ! ಅದು ಕೆಸುವಿನ ಕುಟುಂಬದ್ದು. ಹುಟ್ಟಿದಾಗಿನಿಂದ ಕೆಸುವಿನೆಲೆ ಪತ್ರೊಡೆ ತಿಂದೋರಿಗೆ ಕೆಸು ಯಾವುದು ಅಂತ ಗೊತ್ತಾಗಬೇಡ್ವ?"

ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ, ಜರೀಗಿಡಗಳ ಮೇಲೆ ಡಾಕ್ಟರೇಟ್ ಪಡೆದು, ನಿವೃತ್ತಿಯ ನಂತರ ಜಾವಳಿಯ ತೋಟದಲ್ಲಿ ನೆಲೆಸಿದ್ದ ರುದ್ರಾಣಿಯವರು ಮಲೆನಾಡು ಮಹಿಳಾ ಪುಷ್ಪ ಮಂಡಳಿಯ ಕಾರ್ಯದರ್ಶಿ. ಮಂಡಳಿಯ ವಾರ್ಷಿಕ ಹೂವಿನ ಪ್ರದರ್ಶನ ಶನಿವಾರ ಮೂಡಿಗೆರೆಯಲ್ಲಿ. ಸ್ಪರ್ಧೆಗೆ ಹೆಸರು ಕೊಡುವುದು ಈ ವರ್ಷದಿಂದ ವೆಬ್‌ಸೈಟಿನಲ್ಲಿ ಮಾತ್ರ. ಕೊನೆಯ ಗಡುವು ಅದೇ ಬುಧವಾರ ಸಂಜೆ ಐದು ಗಂಟೆ.

"ಕೊನೇ ದಿನವೇ ಅದಕ್ಕೆ ಕೈ ಹಾಕ್ಬೇಕಾ ಮಾರಾಯ್ತಿ? ಇಷ್ಟು ದಿನ ಆರ್ಕಿಡ್ ಆಗಿದ್ದದ್ದು ಇನ್ನೊಂದು ದಿನ ಆರ್ಕಿಡ್ ಆಗಿರ್ಲಿ."

"ಇವತ್ತು ತಾನೇ ಎಲ್ಲರೂ ಹೆಸರು ಕೊಡೋದು!"

ಅದು ನಿಜ. ನಲವತ್ತೊಂದು ಸದಸ್ಯೆಯರಲ್ಲಿ ಒಬ್ಬರೂ ಅದುವರೆಗೆ ಹೆಸರು ಕೊಟ್ಟಿರಲಿಲ್ಲ. ಈ ಕಡೆಯ ತೋಟದ ಹೆಂಗಸರು ತಮ್ಮ ಯಾವ ಹೂವು ಸ್ಪರ್ಧೆಗೆ ಹೋಗುತ್ತದೆಂಬುದನ್ನು ಕೊನೆಯ ದಿನದವರೆಗೂ ಬಾಯಿ ಬಿಡುವವರಲ್ಲ. ಕೇಳಿದರೆ "ಈ ವರ್ಷ ಏನೂ ಸರಿಯಾಗಿ ಅರಳಿಲ್ಲ ಕಣ್ರೀ" ಎಂದು ಮುಖ ಸಣ್ಣ ಮಾಡುತ್ತಾರೆ. ಹಿತ್ತಲಲ್ಲಿ ನೆರಳುಬಲೆಯ ಕೆಳಗೆ ಮಾತ್ರ ಊಟದ ತಟ್ಟೆಯಗಲದ ಹೂವು ನಗುತ್ತಿರುತ್ತದೆ!

ರುದ್ರಾಣಿಯವರ ಹಿತ್ತಲಲ್ಲೂ ಒಂದು ನಗುತ್ತಿತ್ತು. ಹಾಲುಬಿಳುಪಿನ ಮೈ, ಅಂಚಿಗೆ ಎಳೆಗೆಂಪು. ಅದರ ಮೇಲೆ ಅವರ ಮಾನವೆಲ್ಲ ನಿಂತಿತ್ತು. ಆಂಥೂರಿಯಂ ವಿಭಾಗದಲ್ಲಿ ಸತತ ಒಂಬತ್ತು ವರ್ಷ ಮೊದಲ ಬಹುಮಾನ ಮಲ್ಲಂದೂರಿನ ಪ್ರೇಮಕುಮಾರಿಗೆ, ಎರಡನೆಯದು ರುದ್ರಾಣಿಯವರಿಗೆ. ಪ್ರೇಮಕುಮಾರಿ ಪಿಯುಸಿಗೇ ಓದು ನಿಲ್ಲಿಸಿದವರು. ಗಿಡಕ್ಕೆ ಮೀನು ತೊಳೆದ ನೀರು ಹಾಕುತ್ತಾರೆ, ಅಷ್ಟೇ. ಈ ಒಂದು ಸಂಗತಿಗೆ ಸಸ್ಯಶಾಸ್ತ್ರದಲ್ಲಿ ವಿವರಣೆ ಸಿಕ್ಕಿರಲಿಲ್ಲ.

ವೆಬ್‌ಸೈಟ್ ಮಾಡಿಕೊಟ್ಟಿದ್ದ ದಿವ್ಯಾ ಈಗ ಕಳಸದ ತವರಿನಲ್ಲಿ ಇಪ್ಪತ್ತು ದಿನದ ಬಾಣಂತಿ. ಪಾಸ್‌ವರ್ಡ್ ಕೊಡುವಾಗಲೇ ಅವಳು ಹೇಳಿದ್ದಳು: "ಆಂಟಿ, ಏನಾದ್ರೂ ಬದಲಾಯಿಸೋ ಮುಂಚೆ ಮೇಂಟೆನೆನ್ಸ್ ಮೋಡ್ ಹಾಕ್ಕೊಳ್ಳಿ. ಆಗ ಹೊರಗಿನವರಿಗೆ ಒಂದು ಬೋರ್ಡ್ ಮಾತ್ರ ಕಾಣುತ್ತೆ. ಮುಗಿದ ಮೇಲೆ ಮರೀದೆ ತೆಗೀರಿ."

ಈ ವ್ಯವಸ್ಥೆ ರುದ್ರಾಣಿಯವರಿಗೆ ಬಹಳ ಹಿಡಿಸಿತು. ತೋಟಕ್ಕೆ ಔಷಧಿ ಹೊಡೆಯುವ ದಿನ ಗೇಟು ಹಾಕಿ ಬೋರ್ಡ್ ನೇತುಹಾಕುವುದಿಲ್ಲವೇ, ಹಾಗೆಯೇ! ಅವರು ಸ್ವಿಚ್ ಒತ್ತಿ, ಬೋರ್ಡಿನ ಒಕ್ಕಣೆಯನ್ನು ಸ್ವತಃ ಬರೆದರು: "ವರ್ಗೀಕರಣದ ದೋಷಗಳನ್ನು ಸರಿಪಡಿಸಲಾಗುತ್ತಿದೆ. ಪ್ರವೇಶವಿಲ್ಲ." ಯಾಕೋ ಬಿಗಿ ಸಾಲದೆನ್ನಿಸಿ ತಮ್ಮ ತೋಟದ ಗೇಟಿನ ಮೇಲಿದ್ದ ಸಾಲನ್ನೂ ಸೇರಿಸಿದರು: "ಅತಿಕ್ರಮಿಸಿ ಒಳಬಂದವರ ಮೇಲೆ ಕ್ರಮ ಜರುಗಿಸಲಾಗುವುದು."

ಹತ್ತೂ ಮುಕ್ಕಾಲಿಗೆ ಕೆಲಸ ಮುಗಿಯಿತು. ಆಂಥೂರಿಯಂ ಕೆಸುವಿನ ಮಡಿಲಿಗೆ ಮರಳಿತು. ಬೋರ್ಡ್ ತೆಗೆಯಲು ಹೊರಟವರು, ಮೊದಲು ಅದು ಹೇಗೆ ಕಾಣುತ್ತಿದೆ ನೋಡೋಣವೆಂದು ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಕಿಟಕಿ ತೆರೆದು ಸೈಟಿನ ವಿಳಾಸ ಹೊಡೆದರು. ಏನಾಶ್ಚರ್ಯ! ಬೋರ್ಡೇ ಇಲ್ಲ! ಇಡೀ ಸೈಟು ಹೊಸ ಪಟ್ಟಿಯೊಂದಿಗೆ ಥಳಥಳಿಸುತ್ತ ಕಣ್ಣೆದುರಿಗೆ ನಿಂತಿದೆ!

"ಆಹಾ, ಕೆಲಸ ಮುಗಿದ ತಕ್ಷಣ ತಾನೇ ಬಾಗಿಲು ತೆಗೆದುಕೊಂಡಿದೆ. ನಮ್ಮ ಗೇಟಿನ ವಾಚ್‌ಮನ್‌ಗಿಂತ ಇದಕ್ಕೇ ಬುದ್ಧಿ ಜಾಸ್ತಿ," ಎಂದು ಮೆಚ್ಚಿ, ಸ್ವಿಚ್ಚಿನ ಗೊಡವೆಗೇ ಹೋಗದೆ ಎದ್ದರು.

ಹನ್ನೊಂದೂವರೆಗೆ ನೋಡಿದರು: ನೋಂದಣಿ ಸೊನ್ನೆ. ಹನ್ನೆರಡಕ್ಕೆ ನೋಡಿದರು: ಸೊನ್ನೆ. ಅಷ್ಟರಲ್ಲಿ ಸಂಸೆಯ ಮುತ್ತಮ್ಮನ ಫೋನು ಬಂತು. ಡೇರೆ ಹೂವಿನ ವಿಭಾಗದಲ್ಲಿ ಎತ್ತಿದ ಕೈ, ಸಾಧು ಹೆಂಗಸು.

"ರುದ್ರಾಣಕ್ಕ, ಒಳಗೆ ಬಂದ್ರೆ ಕ್ರಮ ತಗೋತೀವಿ ಅಂತ ಬರ್ತಾ ಇದೆಯಲ್ಲ! ನಾನೇನು ತಪ್ಪು ಮಾಡ್ದೆ ಅಕ್ಕ?"

"ಅದು ಬೆಳಿಗ್ಗೆದು ಮುತ್ತಮ್ಮ. ಈಗ ತೆರೆದಿದೆ. ನಾನು ನೋಡ್ತಾನೇ ಇದ್ದೀನಿ."

"ಇಲ್ಲಿ ಮುಚ್ಚಿದೆ ಅಕ್ಕ."

"ನಿಮ್ಮಲ್ಲಿ ಸಿಗ್ನಲ್ ಸರಿ ಇಲ್ಲ. ಹಳೇ ಬೋರ್ಡೇ ಅಲ್ಲಿ ಸಿಕ್ಕಿಹಾಕಿಕೊಂಡಿದೆ. ಸ್ವಲ್ಪ ಎತ್ತರದ ಜಾಗಕ್ಕೆ ಹೋಗಿ ನೋಡಿ."

ಸಿಗ್ನಲ್ಲಿಗೆ ಗುಡ್ಡ ಹತ್ತುವುದು ಆ ಕಡೆಯವರಿಗೆ ಹೊಸದಲ್ಲ. ಮುತ್ತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತೋಟದ ನೆತ್ತಿಯ ನೀರಿನ ಟ್ಯಾಂಕಿನವರೆಗೂ ಹತ್ತಿದರು. ಅರ್ಧ ಗಂಟೆಯ ಮೇಲೆ ಏದುಸಿರಿನ ಫೋನು ಬಂತು.

"ಅಕ್ಕ, ಸಿಗ್ನಲ್ ಫುಲ್ ಇದೆ. ಮುಚ್ಚಿರೋದು ಈಗ ಇನ್ನೂ ಸ್ಪಷ್ಟವಾಗಿ ಕಾಣ್ತಿದೆ!"

ರುದ್ರಾಣಿಯವರು ಮೊದಲ ಬಾರಿಗೆ ಗಲಿಬಿಲಿಗೊಂಡರು. ಆದರೆ ಗಲಿಬಿಲಿಯಾದಾಗ ಪ್ರಯೋಗ ಮಾಡಬೇಕೆಂಬುದು ಅವರ ಜೀವನದ ನಿಯಮ. ಕಣದಿಂದ ಊಟಕ್ಕೆ ಬಂದ ಪತಿಯನ್ನು ಕೈತೊಳೆಯಲೂ ಬಿಡದೆ ಸೋಫಾದಲ್ಲಿ ಕೂರಿಸಿದರು.

"ನಿಮ್ಮ ಫೋನಲ್ಲಿ ಸೈಟು ತೆಗೀರಿ."

"ಮುಚ್ಚಿದೆ."

"ನನ್ನ ಲ್ಯಾಪ್‌ಟಾಪಲ್ಲಿ ತೆರೆದಿದೆ."

"ಹೌದಲ್ಲ! ನಿನ್ನಲ್ಲಿ ತೆರೆದಿದೆ."

ಒಂದೇ ಸೋಫಾ, ಒಂದೇ ಮನೆಯ ಇಂಟರ್ನೆಟ್ಟು, ನಡುವೆ ಎರಡಡಿ ಜಾಗ. ಒಂದೇ ಬಾಗಿಲು ತೆರೆದೂ ಇತ್ತು, ಮುಚ್ಚಿಯೂ ಇತ್ತು! ರುದ್ರಾಣಿಯವರು ಇಬ್ಬರ ಜಾಗವನ್ನೂ ಅದಲುಬದಲು ಮಾಡಿಸಿದರು. ಅಲ್ಲಿಯೂ ಅವರದು ತೆರೆದೇ ಇತ್ತು, ಪತಿಯದು ಮುಚ್ಚಿಯೇ ಇತ್ತು. ಮೂರು ಸಲ ಪರೀಕ್ಷಿಸಿ ತೀರ್ಮಾನಕ್ಕೆ ಬಂದರು.

"ದೋಷ ಜಾಗದ್ದಲ್ಲ. ನಿಮ್ಮದು."

"ಇದನ್ನ ನೀನು ಮೂವತ್ತೆಂಟು ವರ್ಷದಿಂದ ಹೇಳ್ತಾ ಇದ್ದೀಯ. ಇದಕ್ಕೆ ಇಂಟರ್ನೆಟ್ ಯಾಕೆ ಬೇಕಿತ್ತು? ಮೊದ್ಲು ಊಟ ಹಾಕು."

ಊಟ ಹಾಕಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಕೋಲಾಹಲ ಶುರುವಾಗಿತ್ತು. ಹದಿನಾಲ್ಕು ಮಂದಿ ಮುಚ್ಚಿದ ಬೋರ್ಡಿನ ಚಿತ್ರ ಹಾಕಿದ್ದರು. ರುದ್ರಾಣಿಯವರು ತೆರೆದ ಸೈಟಿನ ಚಿತ್ರ ಹಾಕಿ "ಸ್ಪಷ್ಟವಾಗಿ ತೆರೆದಿದೆ" ಎಂದು ಬರೆದರು. "ಸ್ಪಷ್ಟವಾಗಿ ಮುಚ್ಚಿದೆ" ಎಂದು ಹದಿನೈದನೆಯ ಚಿತ್ರ ಬಂತು. "ಎಲ್ಲರೂ ಫೋನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಆನ್ ಮಾಡಿ" ಎಂದು ಆಜ್ಞಾಪಿಸಿದರು. ಎಲ್ಲರೂ ಮಾಡಿದರು. ಕೊಯ್ಲಿನ ದಿನ, ಮಟಮಟ ಮಧ್ಯಾಹ್ನ, ಮೂರು ತಾಲ್ಲೂಕಿನ ತೋಟಗಳಲ್ಲಿ ಒಬ್ಬ ಗಂಡಸಿಗೂ ಹೆಂಡತಿಯ ಫೋನು ಸಿಗದೆ, ಇಬ್ಬರು ಜೀಪು ಹತ್ತಿ ಮನೆಗೇ ಓಡಿಬಂದರಂತೆ! ಹತ್ತು ನಿಮಿಷದ ನಂತರ ಫೋನುಗಳು ತೆರೆದವು. ಬಾಗಿಲು ತೆರೆಯಲಿಲ್ಲ.

ಕೊನೆಗೆ ಪ್ರೇಮಕುಮಾರಿಯೇ ಫೋನು ಮಾಡಿದರು.

"ರುದ್ರಾಣಿಯವ್ರೆ, ಬಾಗಿಲು ಹಾಕ್ಕೊಂಡು ಒಳಗೇನು ಮಾಡ್ತಾ ಇದ್ದೀರಿ?"

"ಬಾಗಿಲು ಹಾಕಿಲ್ಲ. ಬೇಕಾದ್ರೆ ಈಗಲೇ ತೋರಿಸ್ತೀನಿ, ನೋಡ್ತಾ ಇರಿ!"

ವಾದವನ್ನು ಪುರಾವೆಯಿಂದ ಮುಗಿಸುವುದು ವಿದ್ಯಾವಂತರ ಲಕ್ಷಣ. ರುದ್ರಾಣಿಯವರು ಆ ಕ್ಷಣವೇ ತಮ್ಮ ಹಾಲುಬಿಳುಪಿನ ಆಂಥೂರಿಯಂ ಅನ್ನು ನೋಂದಾಯಿಸಿದರು. ಸಲೀಸಾಗಿ ಆಯಿತು! ಯಾರು ಹೆಸರು ಕೊಟ್ಟರೂ ಅದು ತಾನಾಗಿ ಗುಂಪಿಗೆ ಹೋಗುವಂತೆ ದಿವ್ಯಾ ಏರ್ಪಾಡು ಮಾಡಿದ್ದಳು. ನಲವತ್ತು ಫೋನುಗಳಲ್ಲಿ ಏಕಕಾಲಕ್ಕೆ ಗಂಟೆ ಬಾರಿಸಿತು:

"ನೋಂದಣಿ ಸಂಖ್ಯೆ 1. ಆಂಥೂರಿಯಂ. ಡಾ. ರುದ್ರಾಣಿ, ಜಾವಳಿ."

"ನೋಡಿದ್ರಾ?" ಎಂದರು ರುದ್ರಾಣಿಯವರು ವಿಜಯದಿಂದ.

ಪ್ರೇಮಕುಮಾರಿ ನಿಧಾನವಾಗಿ ಹೇಳಿದರು: "ನೋಡ್ದೆ. ನಮ್ಮನ್ನೆಲ್ಲ ಹೊರಗಿಟ್ಟು ನೀವೊಬ್ರೇ ಸ್ಪರ್ಧೆ ಮಾಡ್ತಾ ಇದ್ದೀರಿ. ಒಂಬತ್ತು ವರ್ಷ ಎರಡನೇ ಬಹುಮಾನ ತಗೊಂಡ್ರೆ ಯಾರಿಗಾದ್ರೂ ಬೇಜಾರಾಗುತ್ತೆ, ನನಗೆ ಅರ್ಥ ಆಗುತ್ತೆ."

ರುದ್ರಾಣಿಯವರು ಸಿಡಿದೆದ್ದರು. ಪರೀಕ್ಷಾ ಕೊಠಡಿಯಲ್ಲಿ ಅಂಗೈ ಮೇಲೆ ಬರೆದುಕೊಂಡ ಒಂದಕ್ಷರವನ್ನೂ ಬಿಡದೆ ಹಿಡಿದ ಹೆಂಗಸು! ಸ್ವಂತ ತಂಗಿಯ ಮಗನನ್ನೇ ಕಾಪಿ ಹೊಡೆದನೆಂದು ಹೊರಗೆ ಕಳಿಸಿ, ಮೂರು ವರ್ಷ ತಂಗಿಯ ಮನೆಯ ಊಟ ಕಳೆದುಕೊಂಡ ಹೆಂಗಸು! ಅವರ ಮೇಲೆ ಮೋಸದ ಆರೋಪ!

"ನಮ್ಮ ಮನೆಗೇ ಬನ್ನಿ! ಕಣ್ಣಾರೆ ನೋಡಿ! ಗಡುವು ಐದು ಗಂಟೆ!"

"ಬಂದೆ," ಎಂದರು ಪ್ರೇಮಕುಮಾರಿ.

ಮೂರೂವರೆಗೆ ಜೀಪು ಬಂದು ನಿಂತಿತು. ಪ್ರೇಮಕುಮಾರಿಯ ಜತೆಗೆ ದಾರಿಯಲ್ಲಿ ಹತ್ತಿಕೊಂಡ ಇನ್ನೂ ಐದು ಸದಸ್ಯೆಯರು ಇಳಿದರು. ಎಲ್ಲರ ಮುಖದಲ್ಲೂ ಪೊಲೀಸ್ ತನಿಖೆಯ ಗಾಂಭೀರ್ಯ. ಚಂದ್ರಶೇಖರಪ್ಪನವರು, ಹಸಿದ ಹೊಟ್ಟೆಯಲ್ಲೇ, ಕಾಫಿ ಮಾಡಲು ಅಡುಗೆಮನೆಗೆ ಜಾರಿಕೊಂಡರು. ಅವರ ಪಾಲಿಗೆ ಆ ಮನೆಯಲ್ಲಿ ಆಗ ಸುರಕ್ಷಿತವಾದ ಜಾಗ ಅದೊಂದೇ.

ರುದ್ರಾಣಿಯವರು ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತಿರುಗಿಸಿಟ್ಟರು. ಆರೂ ಜನ ಬಗ್ಗಿ ನೋಡಿದರು. ತೆರೆದಿತ್ತು! ತಮ್ಮ ತಮ್ಮ ಫೋನು ನೋಡಿದರು. ಮುಚ್ಚಿತ್ತು! ಮತ್ತೆ ಲ್ಯಾಪ್‌ಟಾಪ್ ನೋಡಿದರು, ಮತ್ತೆ ಫೋನು ನೋಡಿದರು.

"ಇದು ಇವರ ಮನೇಲಿ ಮಾತ್ರ ತೆರೆಯೋ ಹಾಗೆ ಮಾಡಿರ್ಬೇಕು," ಎಂದು ಒಬ್ಬರು ಪಿಸುಗುಟ್ಟಿದರು.

"ಹಾಗಾದ್ರೆ ಇಲ್ಲೇ ಹೆಸರು ಕೊಡಿ!" ಎಂದು ರುದ್ರಾಣಿಯವರು ಕುರ್ಚಿ ಎಳೆದು ಕೊಟ್ಟರು. "ನನ್ನದರಲ್ಲೇ ಕೊಡಿ! ಯಾರನ್ನ ತಡೆದೆ ನಾನು?"

ಪ್ರೇಮಕುಮಾರಿ ಕೂತು, ಒಂದು ಬೆರಳಿನಲ್ಲಿ ಹೂವಿನ ವಿಭಾಗ ಆರಿಸಿ, ಮೊಬೈಲಿನಿಂದ ಚಿತ್ರವನ್ನೂ ಹಾಕಿಸಿ, ಗುಂಡಿ ಒತ್ತಿದರು. ಏಳೂ ಫೋನುಗಳು ಒಟ್ಟಿಗೆ ಕೂಗಿದವು:

"ನೋಂದಣಿ ಸಂಖ್ಯೆ 2. ಆಂಥೂರಿಯಂ. ಡಾ. ರುದ್ರಾಣಿ, ಜಾವಳಿ."

"ಇದೇನ್ರೀ ಇದು!" ಎಂದು ಪ್ರೇಮಕುಮಾರಿ ಎದ್ದು ನಿಂತರು. "ನನ್ನ ಹೂವೂ ನಿಮ್ಮದೇ ಆಗೋಯ್ತಾ?"

"ನಾನೇನೂ ಮಾಡ್ಲಿಲ್ಲ! ನಾನು ಕೀಲಿಮಣೆ ಮುಟ್ಟಲೇ ಇಲ್ಲ! ಇನ್ನೊಬ್ಬರು ಪ್ರಯತ್ನ ಮಾಡಿ!"

ಇನ್ನೊಬ್ಬರು ಪ್ರಯತ್ನಿಸಿದರು. ಅವರ ಸೇವಂತಿಗೆಯೂ ಡಾ. ರುದ್ರಾಣಿಯವರದಾಯಿತು. ಮತ್ತೊಬ್ಬರ ಜರ್ಬೆರಾವೂ ಡಾ. ರುದ್ರಾಣಿಯವರದಾಯಿತು. ಅತ್ತ ಸಂಸೆಯಿಂದ ಗುಂಪಿಗೆ ಮುತ್ತಮ್ಮನ ಸಂದೇಶ ಬಂತು: "ಅಕ್ಕ, ನಿಮ್ಮ ಹಿತ್ತಲಲ್ಲಿ ಜರ್ಬೆರಾ ಇರ್ಲೇ ಇಲ್ವಲ್ಲ? ಹಾಗೇ ಇದ್ರೆ ನನ್ನ ಡೇರೆನೂ ನೀವೇ ಇಟ್ಕೊಳ್ಳಿ. ನನಗೆ ಇನ್ನೊಂದ್ಸಲ ಗುಡ್ಡ ಹತ್ತೋಕಾಗಲ್ಲ."

ನಾಲ್ಕೂ ಮುಕ್ಕಾಲು. ನೋಂದಣಿ ನಾಲ್ಕು, ಸ್ಪರ್ಧಿ ಒಬ್ಬರೇ! ಮೂರು ತಾಲ್ಲೂಕಿನ ಹೂವೆಲ್ಲ ಒಬ್ಬ ನಿವೃತ್ತ ಪ್ರಾಧ್ಯಾಪಕಿಯ ವಶವಾಗುತ್ತಿದ್ದ ಆ ಘಳಿಗೆಯಲ್ಲಿ ದಿವ್ಯಾ ಫೋನು ಮಾಡಿದಳು. ಮಗು ಅಂತೂ ನಿದ್ದೆ ಹೋಗಿತ್ತು, ಅವಳು ಗುಂಪು ನೋಡಿದ್ದಳು. ಸಾಕ್ಷಿಗಳಿರಲೆಂದು ರುದ್ರಾಣಿಯವರು ಸ್ಪೀಕರ್ ಹಾಕಿದರು. ಆ ದಿನದ ಅವರ ಕೊನೆಯ ತಪ್ಪು ಅದು.

"ಆಂಟಿ, ನೀವು ಆ ಬೋರ್ಡ್ ತೆಗೆದೇ ಇಲ್ಲ!"

"ಬೋರ್ಡೇ ಇಲ್ಲ ದಿವ್ಯಾ. ಬೆಳಿಗ್ಗೆಯಿಂದ ನನ್ನ ಕಣ್ಣಿಗೆ ಒಂದ್ಸಲವೂ ಬಿದ್ದಿಲ್ಲ."

"ನಿಮಗೆ ಬೀಳಲ್ಲ ಆಂಟಿ! ನೀವು ಪಾಸ್‌ವರ್ಡ್ ಕೊಟ್ಟು ಒಳಗೆ ಕೂತಿದ್ದೀರಿ. ಸೈಟಿನ ಯಜಮಾನರಿಗೆ ಯಾವಾಗಲೂ ಎಲ್ಲ ತೆರೆದೇ ಕಾಣೋದು. ಮುಚ್ಚಿರೋದು ಲೋಕಕ್ಕೆಲ್ಲ ಗೊತ್ತಾಗುತ್ತೆ, ನಿಮ್ಮೊಬ್ಬರಿಗೆ ಗೊತ್ತಾಗಲ್ಲ. ಆ ಲ್ಯಾಪ್‌ಟಾಪಲ್ಲಿ ಯಾರು ಹೆಸರು ಕೊಟ್ರೂ ನಿಮ್ಮ ಹೆಸರಿಗೇ ಹೋಗುತ್ತೆ. ಆ ಸ್ವಿಚ್ ತೆಗೀರಿ ಸಾಕು."

ಅಡುಗೆಮನೆಯಲ್ಲಿ ಹಾಲು ಉಕ್ಕಿತು. ರುದ್ರಾಣಿಯವರು ಸುಮಾರು ಐದು ಗಂಟೆಗಳ ಕಾಲ ಜಗತ್ತಿಗೆಲ್ಲ ಸುಳ್ಳುಗಾರರೆಂಬ ಪಟ್ಟ ಕಟ್ಟಿದ್ದರು: ಮುತ್ತಮ್ಮನಿಗೆ, ಹದಿನೈದು ಚಿತ್ರಗಳಿಗೆ, ಊಟವಿಲ್ಲದ ಗಂಡನಿಗೆ. ಅವರು ಸ್ವಿಚ್ ತೆಗೆದರು. ಆರು ಫೋನುಗಳಲ್ಲಿ ಬಾಗಿಲು ತೆರೆಯಿತು. ಗುಂಪಿನಲ್ಲಿ ಗಂಟೆಗಳ ಸುರಿಮಳೆಯಾಯಿತು. ಡೇರೆ, ಸೇವಂತಿಗೆ, ಗುಲಾಬಿ, ಎಲ್ಲವೂ ತಂತಮ್ಮ ಒಡತಿಯರ ಹೆಸರಿನಲ್ಲಿ. ಗಡುವನ್ನು ಏಳು ಗಂಟೆಯವರೆಗೆ ವಿಸ್ತರಿಸಲಾಯಿತು.

ನಂತರ ರುದ್ರಾಣಿಯವರು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಹಳೆಯ ತರಗತಿಯ ಧ್ವನಿಯಲ್ಲಿ ಹೇಳಿದರು: "ತಪ್ಪು ನನ್ನದು. ನನ್ನ ಹೆಸರಿಗೆ ಬಂದ ಮೂರು ಹೂವನ್ನ ಅಳಿಸಿದ್ದೀನಿ. ಮೊದಲನೇ ನೋಂದಣಿಯನ್ನೂ ಅಳಿಸ್ತೀನಿ. ಬಾಗಿಲು ಮುಚ್ಚಿಟ್ಟವಳು ಸ್ಪರ್ಧೆಯಲ್ಲಿರೋದು ನ್ಯಾಯವಲ್ಲ. ಈ ವರ್ಷ ನಾನು ಹಿಂದೆ ಸರೀತೀನಿ."

ಬೇಡ ಬೇಡ ಎಂದು ಯಾರಾದರೂ ಕೈ ಹಿಡಿದಾರೆಂದು ಅವರು ಎರಡು ಕ್ಷಣ ಕಾದದ್ದಂತೂ ಸುಳ್ಳಲ್ಲ. ಹೌದು, ಒಬ್ಬರು ಹಿಡಿದರು. ಪ್ರೇಮಕುಮಾರಿ ಕಾಫಿ ಲೋಟ ಕೆಳಗಿಟ್ಟು, ಲ್ಯಾಪ್‌ಟಾಪಿನ ಮೇಲಿದ್ದ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಿಜವಾದ ಗಾಬರಿ ಅವರ ಮುಖದಲ್ಲಿತ್ತು.

"ಅಯ್ಯೋ, ಹಾಗೆಲ್ಲ ಮಾಡ್ಬೇಡಿ ರುದ್ರಾಣಿಯವ್ರೆ! ನೀವೇ ಇಲ್ಲದಿದ್ರೆ ಆ ವಿಭಾಗದಲ್ಲಿ ನಾನು ಯಾರನ್ನ ಸೋಲಿಸ್ಲಿ?"